ಝುಂಬರಬಾಯಿಯ ಎಮ್ಮೆ, ನಲವತ್ತು ಸಾವಿರ ಪಟ್ಟು

ನಾ ಫೋಟೊ ತಗೊಂಡು ಹೋದಾಗ
ಝುಂಬರಬಾಯಿ ಬಕೀಟಿನಾಗ ಹಿಂಡಿ ನೆನಿಸ್ಲತ್ತಿದ್ಳು.
ಕೈ ಒರಸ್ಕೊಂಡು ನೋಡಿದ್ಳು, ತಿರುಗಿಸಿ ನೋಡಿದ್ಳು.
“ಇದರಾಗ ನನ್ನ ಎಮ್ಮೀನೇ ಕಾಣವಲ್ದಲ್ಲೋ.”

ಹೋದ ಕಾರ್ತೀಕದಾಗ ನಾವು ತಗೊಂಡಿದ್ದು
ಜೋಳದ ಕಾಳಿನಷ್ಟು ಕೆಚ್ಚಲು.
ಎಮ್ಮಿ ಒಮ್ಮೆ ಬಾಲ ಬೀಸಿತ್ತು, ಅಷ್ಟೇ.
ಮಂದಾಕಿನಿ ಮೇಡಂ ಬಾಯಾಗೇ ಎಣಿಸಿದ್ರು:
ಹತ್ತರೊಳಗ ಔಷಧದಾಗ ಬೀಳಬೇಕು,
ತಡ ಆದ್ರ ಕೋಶ ಸಾಯೋದೂ ಫೋಟೊದಾಗ ಬರ್ತದ.

ಆಮ್ಯಾಲ ಆಸ್ಮಿಯಂ, ಕಣ್ಣು ಉರಿಸೋ ಹೊಗಿ.
ಜಿಡ್ಡು ಇದ್ದಲ್ಲಿ ಹೋಗಿ ಕೂಡ್ತದ, ಕರ್ರಗಾಗ್ತದ.
ನಮ್ಮ ಓಣಿ ಖಲೀಲ ಚಾಚಾ
ಬೀದರ ಕೋಟಿ ಮಣ್ಣು ನಾಲಗಿಗಿ ಹಚ್ಚಿ ರುಚಿ ನೋಡಿ
ಹೂಜಿಗಿ ಬಳೀತಾನ,
ಸತು ಕರ್ರಗಾಗ್ತದ, ಬೆಳ್ಳಿ ಹಂಗೇ ಉಳೀತದ.
ನಂದೂ ನಿಂದೂ ಒಂದೇ ಕಸಬು ಚಾಚಾ, ಅಂದ್ರ ನಗ್ತಾನ.
“ಕಣ್ಣಿಗಿ ಕಾಣದ್ದಕ್ಕ ಯಾರ್ ಕೊಡ್ತಾರೋ ರೊಕ್ಕ?”

ಕಾಣದ್ದು ಖರೆ.
ರಾಳದಾಗ ಹುಗಿದು, ಗಾಜಿನ ಅಲಗಿಲೆ ಕೊಯ್ದು,
ನೀರ ಮ್ಯಾಲ ತೇಲೋ ಬೆಳ್ಳಿಬಣ್ಣದ ಚೂರನ್ನ
ಕಡ್ಡಿಗಿ ಅಂಟಿಸಿದ ರೆಪ್ಪಿಗೂದಲಿಲೆ ನೂಕಿ
ತಾಮ್ರದ ಜಾಳಿಗಿ ಏರಿಸಿದ್ವಿ, ಉಸರು ಬಿಗಿಹಿಡದು,
ಸೀನಿದ್ರ ವಾರದ ಕೆಲಸ ಹಾರಿ ಹೋಗ್ತಿತ್ತು.
ಹೈದರಾಬಾದ್ ಬಸ್ಸಿನಾಗ ಝಹೀರಾಬಾದ್ ದಾಟೋ ತನಕ
ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು
ತಗ್ಗಿಗೊಮ್ಮೆ ಡ್ರೈವರನ್ನ ಬೈದೀನಿ.

ನೋಡವ್ವ, ಇದು ಕೋಶದ ತೊಗಲು.
ಎರಡು ಕಪ್ಪು ಗೆರಿ, ನಡುವ ಬೆಳಕಿನ ಒಂದು ಎಳಿ.
ಇದು ಒಳಗಿಂದ ಬಂದ ಚೀಲ, ಹಾಲಿನ ಕಣ ತುಂಬ್ಯಾವ.
ಇಲ್ಲಿ ಚೀಲ ತೊಗಲಿಗಿ ತಾಗ್ಯದ.
ಇಲ್ಲಿ ಗೆರಿಗಿ ಗೆರಿ ಕೂಡಿ
ಯಾವುದು ಯಾರದು ಗೊತ್ತಾಗವಲ್ದು.
ಇಲ್ಲಿ ಬಾಯಿ ತೆರದದ,
ಪಾಟಿ ಮ್ಯಾಲ ಹುಡುಗ ತಲಿಕೆಳಗ ಬರದ ‘ಗ’ದಂಗ.
ಚೀಲದ ಒಳಮೈ ಈಗ ಕೋಶದ ಹೊರಮೈ.

“ಒಂದೇ ಚೀಲೇನು ಇವೆಲ್ಲ?”

ಅಲ್ಲ. ಒಂದೊಂದೂ ಬ್ಯಾರೆ ಬ್ಯಾರೆ ಚೀಲ,
ತನ್ನ ತನ್ನ ಗಳಿಗ್ಯಾಗ ನಿಂತುಬಿಟ್ಟದ್ದು.
ಮೇಡಂ ಮೇಜಿನ ಮ್ಯಾಲ ಸಾಲಾಗಿ ಹಚ್ಚಿ
ಹಿಂಗ ಆಗಿರಬೇಕು ಅಂತಾರ.
ನಿನ್ನ ದೊಡ್ಡಿಗಿ ಹೊಸಬ ಬಂದು
ಗಬ್ಬಿದ್ದದ್ದು, ಈದದ್ದು, ಬತ್ತಿದ್ದು ನೋಡಿ
ಒಂದೇ ಎಮ್ಮಿಯ ಆಯುಷ್ಯ ಹೇಳಿದಂಗ.

ಹೂಂ ಅಂದ್ಳು. ಅದು ತಿಳೀತು ಆಕಿಗಿ.

ಆದ್ರ ಬೆಣ್ಣಿ ಹನಿ ಹಂಗಲ್ಲ, ಅದಕ್ಕ ಚೀಲ ಇಲ್ಲ.
ಅದು ಮ್ಯಾಲ ಬಂದು ನೂಕ್ತದ, ತೊಗಲು ಉಬ್ಬತದ,
ಕುತ್ತಿಗಿ ಸಣ್ಣಾಗಿ ಸಣ್ಣಾಗಿ
ಕೋಶದ ತೊಗಲೇ ಹೊದ್ಕೊಂಡು ಕಡಕೊಂಡು ಹೋಗ್ತದ.

ಬಕೀಟಿನಾಗಿನ ಕೈ ನಿಂತಿತು.
“ಹಂಗ ತೊಗಲು ಕೊಟ್ಟು ಕೊಟ್ಟು
ಅದು ಸವೆದು ಹೋಗಂಗಿಲ್ಲೇನು?”

ಅದಕ್ಕೇ ಮತ್ತ ಆ ಚೀಲಗೋಳು.
ಹಾಲು ಸುರಿದು ತಾವು ವಾಪಸ್ ಹೋಗಂಗಿಲ್ಲ ಎಲ್ಲ,
ಹರಿದಲ್ಲಿ ತ್ಯಾಪಿ ಆಗಿ ಉಳೀತಾವ.
“ಲೆಕ್ಕ ಕೂಡ್ತದ?”
ಹೆಚ್ಚುಕಡಿಮಿ. ಪೂರಾ ನಮಗೂ ಗೊತ್ತಿಲ್ಲ.
“ನನಗ ಗೊತ್ತದ” ಅಂದ್ಳು.
“ಹಿಂಡಿ ತಪ್ಪಿದ್ರ ಲೆಕ್ಕ ತಪ್ತದ.”

ಬಾಯಿ ತೆರದ ಫೋಟೊ ತಾನೇ ಇಟ್ಕೊಂಡ್ಳು,
ಹಗ್ಗದ ಗೂಟಕ್ಕ ಸಿಗಿಸಿದ್ಳು, ತಲಿಕೆಳಗ.
ಈಗ ‘ಗ’ ಓದ್ಲಾಕ ಬರ್ತದ.

ಹೊರಡೋವಾಗ ಲೋಟ ತುಂಬ ಮಜ್ಜಿಗಿ ಕೊಟ್ಟಳು, ಉಪ್ಪು ಜಾಸ್ತಿ.
ಕಡೆಯೋವಾಗ ಬೆಣ್ಣಿ ಬಿಚ್ಚಿ ಬ್ಯಾರೆ ಆಗ್ತದ,
ಹೊದ್ಕೊಂಡು ಬಂದ ತೊಗಲು ಹರದು ಬಹಳಷ್ಟು
ಮಜ್ಜಿಗ್ಯಾಗೇ ಉಳೀತದ ಅಂತ ಮೇಡಂ ಹೇಳಿದ್ರು.
ಅದನ್ನ ಆಕಿಗಿ ಹೇಳಲಿಲ್ಲ ನಾನು.
ಇನ್ನೊಂದು ಲೋಟ ಕೇಳ್ದೆ.